ಕಂಬಳಿಯ ತೂತಿನಲ್ಲಿ ಕೋಡಿ

ಗೆಳೆಯ ಕಲಾವಿದನಾಗಿದ್ದು ಪಕ್ಕದ ಬೀದಿಯಲ್ಲೇ ಇದ್ದರೆ ಕಷ್ಟ. ಹೊಸ ಚಿತ್ರದ ಮುಂದೆ ನಮ್ಮನ್ನು ನಿಲ್ಲಿಸಿ ಮುಖ ನೋಡುತ್ತಾನೆ; ಕೂಡಲೇ ಏನಾದರೂ ಹೇಳಬೇಕಾಗುತ್ತದೆ. ನನ್ನ ಗೆಳೆಯ ಇರುವುದು ರಾಟರ್‌ಡ್ಯಾಮಿನಲ್ಲಿ. ಫೋಟೊ ಕಳಿಸಿ ಮಲಗಿಬಿಡುತ್ತಾನೆ. ನಾನು ಹಿರಿಯೂರಿನಲ್ಲಿ ಕಾಫಿ ಕುಡಿಯುತ್ತ, ಹಿಗ್ಗಿಸಿ ಕುಗ್ಗಿಸಿ ನೋಡಿ, ಪೇಟೆಗೆ ಹೋಗಿಬಂದು ಮತ್ತೊಮ್ಮೆ ನೋಡಿ, ಸಾವಕಾಶವಾಗಿ ಬಾಯಿ ಬಿಡಬಹುದು.

ಈ ಸಲ ಬಂದದ್ದು ಮಿಶ್ರ ಮಾಧ್ಯಮದ ಕೃತಿ. ಆರಡಿ ಅಗಲ, ನಾಲ್ಕಡಿ ಎತ್ತರ, ಹೆಸರು ‘ಕೋಡಿ’. ನಮ್ಮ ಕಡೆಯವರಿಗೆ ಇನ್ನೇನೂ ವಿವರಿಸಬೇಕಿಲ್ಲ, ಮಾರಿಕಣಿವೆಯದೇ. 1898ರಲ್ಲಿ ಕಟ್ಟಲು ಶುರುವಾಗಿ 1907ರಲ್ಲಿ ಮುಗಿದ ಅಲ್ಲಿನ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 130 ಅಡಿ ಎಂಬ ಅಂಕಿ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ನೀರು ಆ ಮಟ್ಟ ಮುಟ್ಟಿದ್ದನ್ನು ಮಾತ್ರ ಹೆಚ್ಚಿನವರು ಕಂಡಿರಲಿಲ್ಲ. ಊರಿಗೆ ಊರೇ ಹೋಗಿ ನೋಡಿತು. ಇವನಿಗೆ ಬರಲಾಗಲಿಲ್ಲ. ಅವನಿರುವ ನಗರದ ಎಷ್ಟೋ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಅಲ್ಲಿ ನೀರನ್ನು ಪಂಪು ಹಚ್ಚಿ ಹೊರಗೆ ಹಾಕುತ್ತಾರೆ. ಬರದ ಜಿಲ್ಲೆಯವನು ಅಂಥ ಊರಲ್ಲಿ ಕೂತು, ತಾನು ಕಾಣದ ನೀರನ್ನು ಮಾಡಿದ್ದಾನೆ.

ಮೊದಲ ನೋಟಕ್ಕೆ ಕಂಡದ್ದು ಕರಿಕಂಬಳಿ, ಅದರ ತುಂಬ ತೂತು. ‘ಏನಲೇ, ಕಂಬಳಿ ಹರಿದು ಹಾಕಿದ್ದೀಯ?’ ಎಂದು ಕೇಳಿದೆ. ‘ಹರಿದಿದ್ದಲ್ಲ ಕಣಲೇ, ನಮ್ಮಪ್ಪಂದು, ಹುಳ ತಿಂದಿದ್ದು’ ಎಂದು ಉತ್ತರ ಬಂತು. ಆ ತೂತುಗಳ ಹಿಂದೆ ನೀಲಿ ಇದೆ. ಬಲಗಡೆ ತೂತುಗಳು ಸಾಸಿವೆಯಷ್ಟೇ. ಎಡಕ್ಕೆ ಹೋದಂತೆ ದೊಡ್ಡವಾಗಿ, ಒಂದಕ್ಕೊಂದು ಕೂಡಿ, ಕೊನೆಗೆ ಕಂಬಳಿಯೇ ಮುಗಿದು ನೀಲಿಯೊಂದೇ ಉಳಿಯುತ್ತದೆ. ಒಣನೆಲಕ್ಕೆ ನೀರು ಏರಿ ಬರುವುದನ್ನು ಒಂದೂ ಅಲೆ ಬರೆಯದೆ ತೋರಿಸಿದ್ದಾನೆ.

ಫೋಟೊದಲ್ಲಿ ದಪ್ಪ ತಿಳಿಯುವುದಿಲ್ಲ. ಪಕ್ಕದಿಂದ ದೀಪ ಹಿಡಿದು ವಿಡಿಯೊ ಮಾಡಿ ಕಳಿಸು ಎಂದೆ. ಅಡ್ಡಬೆಳಕು ಬಿದ್ದ ಮೇಲೆ ಗೊತ್ತಾಯಿತು, ನೀಲಿಯ ಅಡಿಯಲ್ಲಿ ಹಳೆಯ ಕೈಬರಹದ ಪಹಣಿಗಳಿವೆ. ಸರ್ವೆ ನಂಬರು, ಖುಷ್ಕಿ, ಬಾಗಾಯ್ತು ಎಲ್ಲ ಮಸುಕಾಗಿ ಕಾಣುತ್ತವೆ; ಅವುಗಳ ನಡುವೆ ತೆಂಗಿನ ನಾರು. ಇದು ಹೊಸದುರ್ಗದ ಕಡೆಯ ಮಾತು. ನಾವು ಹಿರಿಯೂರಿನವರು ಕೋಡಿ ನೋಡಿ ಕುಣಿಯುತ್ತಿದ್ದಾಗ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲ, ತೋಟಗಳಿಗೆ ನುಗ್ಗಿತ್ತು. ಇಡೀ ಕೃತಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಎಡಮೂಲೆ. ದೂರ ಇರುವವರು ಊರನ್ನು ನೆನೆದರೆ ಸಾಮಾನ್ಯವಾಗಿ ಹಬ್ಬ ಮಾತ್ರ ಕಾಣುತ್ತದೆ. ಇವನಿಗೆ ಮುಳುಗಿದ ಸರ್ವೆ ನಂಬರೂ ಕಂಡಿದೆ.

ಮೇಲ್ಗಡೆ ಬೂದುಬಣ್ಣದ ಒಂದು ಪಟ್ಟಿ. ಹಿಂದಿನ ಸಲ ಊರಿಗೆ ಬಂದಾಗ ಚಿತ್ರದುರ್ಗದ ಬಂಡೆಯ ಮೇಲೆ ಕಾಗದ ಹಾಸಿ ಇದ್ದಿಲು ತಿಕ್ಕಿ ತೆಗೆದದ್ದು. ಕಲ್ಲು ಸೀಳಲು ಕೊರೆದ ಗುಳಿಗಳ ಸಾಲು ಹಾಗೇ ಮೂಡಿದೆ. ರೈಸ್ ಸಾಹೇಬರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹನ್ನೊಂದನೆಯ ಸಂಪುಟ ನಮ್ಮ ಜಿಲ್ಲೆಯದು; ಚಂದ್ರವಳ್ಳಿಯ ಮಯೂರಶರ್ಮನ ಶಾಸನವನ್ನು ಓದಲು ಪಂಡಿತರು ಪಟ್ಟ ಪಾಡು ಇತಿಹಾಸ ಓದಿದವರಿಗೆ ಗೊತ್ತು. ಇವನು ಅಕ್ಷರವೇ ಇಲ್ಲದ ಕಲ್ಲಿನ ಪಡಿಯಚ್ಚು ತೆಗೆದಿದ್ದಾನೆ. ಕಲ್ಲುಕುಟಿಗರ ರುಜು ಅಂದುಕೊಂಡರಾಯಿತು.

ಹೊಳಲ್ಕೆರೆಯ ಗಣಪನಿಗೆ ಕೈಮುಗಿದವರು ಹಿಂದಕ್ಕೆ ಹೋಗಿ ಜಡೆ ನೋಡದೆ ಬರುವುದಿಲ್ಲ. ನಾನೂ ಹಾಗೇ, ಹಿಂಬದಿಯ ಫೋಟೊ ಕೇಳಿದೆ. ದಬ್ಬಳದಲ್ಲಿ ಹೊಲಿದ ಒರಟು ಹೊಲಿಗೆ, ಗಂಟು, ಮೇಲೆ ನಾರಿನ ಹಗ್ಗ. ಪಿಕಾಸೊ 1912ರಲ್ಲಿ ಕುರ್ಚಿಬೆತ್ತದ ಹೆಣಿಗೆ ಅಚ್ಚಾದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ ಸುತ್ತ ಹಗ್ಗದ ಚೌಕಟ್ಟು ಕಟ್ಟಿದ್ದ. ಅದೆಲ್ಲ ಇವನಿಗೆ ಕಾಲೇಜಿನಲ್ಲೇ ಗೊತ್ತು. ನನಗೆ ನೆನಪಾದವರು ನಮ್ಮ ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಪಿ.ಆರ್. ತಿಪ್ಪೇಸ್ವಾಮಿ. ಒಂದು ಕೈಯಲ್ಲಿ ಜಲವರ್ಣ. ಇನ್ನೊಂದು ಕೈಯಲ್ಲಿ ಹಳ್ಳಿಹಳ್ಳಿ ಸುತ್ತಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ಕೂಡಿಹಾಕಿದ ಸಾಮಾನು. ಆ ಎರಡು ಕೈಗಳ ಕೆಲಸವನ್ನು ಇವನು ಒಂದೇ ಚೌಕಟ್ಟಿಗೆ ತಂದಿದ್ದಾನೆ ಎಂದು ಬರೆದೆ. ಹಿಗ್ಗಿದ.

ಹಿಗ್ಗಿದವನನ್ನು ಸ್ವಲ್ಪ ಇಳಿಸಬೇಕಾಯಿತು. ಕೆಳಗಿನ ಮೂಲೆಯಲ್ಲಿ ಚಿನ್ನದ ರೇಕಿನಲ್ಲಿ ‘2022’ ಎಂದು ಅಂಟಿಸಿದ್ದಾನೆ. ಅದು ಬೇಡವಿತ್ತು. ಕಂಬಳಿ, ಪಹಣಿ, ಕಲ್ಲು ಹೇಳಿದ್ದನ್ನು ಮತ್ತೆ ಕೂಗಿ ಹೇಳಿದಂತಾಗಿದೆ. ಹಾಗೆಂದು ಬರೆದದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಬೇಸಿಗೆಯಲ್ಲಿ ಕೃತಿಯನ್ನು ಸುತ್ತಿಕೊಂಡು ಬರುತ್ತಾನಂತೆ. ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ, ಪಕ್ಕದ ಕಿಟಕಿಯಿಂದ ಇಳಿಬಿಸಿಲು ಬೀಳುವ ಏಳಡಿ ಗೋಡೆ ಯಾರ ಮನೆಯಲ್ಲಾದರೂ, ಶಾಲೆಯಲ್ಲಾದರೂ ಇದ್ದರೆ ತಿಳಿಸಿ. ಗೋಡೆಗೆ ತೇವ ಇರಬಾರದು.