ಸ್ಯಾನ್ ಹೊಸೆಯಲ್ಲೊಂದು ವಿಯೆಟ್ನಾಂ ಊಟ

ಅಮೆರಿಕಕ್ಕೆ ಹೋಗಿ ಬಂದವರು ಗೋಲ್ಡನ್ ಗೇಟ್ ಸೇತುವೆಯ ಬಗ್ಗೆ ಬರೆಯುವುದು ವಾಡಿಕೆ. ನಾನು ಒಂದು ಬಟ್ಟಲು ಸೂಪಿನ ಬಗ್ಗೆ ಬರೆಯಲು ಹೊರಟಿದ್ದೇನೆ. ಇದಕ್ಕೆ ಕಾರಣ ಮಗನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕ ಒಂದು ಪುಟ್ಟ ಕಾರ್ಡು.

ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದಲ್ಲಿ ಇಂಜಿನಿಯರ್. ಕಳೆದ ಬೇಸಿಗೆ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಆರು ವಾರ ಅವನ ಮನೆಯಲ್ಲಿದ್ದೆವು. ಸಾರಿನಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲ ಹೊತ್ತುಕೊಂಡೇ ಹೋಗಿದ್ದೆವು. ಒಂದು ದಿನ ಬಟ್ಟೆ ಒಗೆಯಲು ಹಾಕುವಾಗ ಇವಳ ಕೈಗೆ ಆ ಕಾರ್ಡು ಸಿಕ್ಕಿತು. ಯಾವುದೋ ವಿಯೆಟ್ನಾಂ ಹೋಟೆಲಿನದು. ಅದರಲ್ಲಿ ಹತ್ತು ಚೌಕ. ಒಂಬತ್ತು ಬಟ್ಟಲು 'ಫಾ' ತಿಂದರೆ ಹತ್ತನೆಯದು ಉಚಿತ. ಒಂಬತ್ತಕ್ಕೂ ಮುದ್ರೆ ಬಿದ್ದಿತ್ತು.

ಫಾ ಎಂದರೆ ಅಕ್ಕಿ ಶಾವಿಗೆ ಹಾಕಿದ ಬಿಸಿ ಸೂಪು. ಸಾಮಾನ್ಯವಾಗಿ ದನದ ಎಲುಬನ್ನೋ ಕೋಳಿಯನ್ನೋ ಗಂಟೆಗಟ್ಟಲೆ ಕುದಿಸಿ ಅದರ ರಸ ತೆಗೆಯುತ್ತಾರೆ. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಸಂಜೆ ಮಗ ಬಂದ ಮೇಲೆ ಕೇಳಿದೆ. "ಆಫೀಸಿನವರು ಕರ್ಕೊಂಡು ಹೋಗ್ತಾರಪ್ಪ, ನಾನು ಸುಮ್ಮನೆ ಜೊತೆಗೆ..." ಎಂದು ನಿಲ್ಲಿಸಿದ. ಒಂಬತ್ತು ಮುದ್ರೆಗಳಿಂದ ಏನು ತೀರ್ಮಾನಕ್ಕೆ ಬರಬಹುದೆಂದು ವಿಜ್ಞಾನದ ಮೇಷ್ಟ್ರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆ ರಾತ್ರಿ ಮೂವರೂ ಮಾತಿಲ್ಲದೆ ಸಾರನ್ನ ಉಂಡೆವು.

ಶನಿವಾರ ಬೆಳಿಗ್ಗೆ ಅವನೇ ಬಂದು, "ಅವರಲ್ಲೂ ಸಸ್ಯಾಹಾರ ಇದೆಯಂತಪ್ಪ. ಹುಡುಕೋಣ ಬನ್ನಿ" ಎಂದ. ಬೇಡವೆನ್ನಲು ಬಾಯಿ ತೆರೆದೆ. ಇವಳು ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು.

ಸ್ಯಾನ್ ಹೊಸೆಯಲ್ಲಿ ವಿಯೆಟ್ನಾಂ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ಅಂದರೆ ಹತ್ತರಲ್ಲಿ ಒಬ್ಬರು. 1975ರ ಏಪ್ರಿಲ್ 30ರಂದು ಸೈಗಾನ್ ನಗರ ಉತ್ತರದ ಸೈನ್ಯದ ವಶವಾಯಿತು. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಜನ ದೇಶ ಬಿಟ್ಟರು. ಸಣ್ಣ ದೋಣಿಗಳಲ್ಲಿ ಹೊರಟ ಎಷ್ಟೋ ಜನ ಸಮುದ್ರದ ಪಾಲಾದರು. ಉಳಿದು ಬಂದವರಲ್ಲಿ ಅನೇಕರಿಗೆ ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿತು. ನಗರದ ಪೂರ್ವಕ್ಕಿರುವ ಸ್ಟೋರಿ ರಸ್ತೆ, ಟಲ್ಲಿ ರಸ್ತೆಗಳಲ್ಲಿ ಈಗ ಬೋರ್ಡುಗಳೆಲ್ಲ ಅವರ ಭಾಷೆಯವೇ. ಫಾ ಅಂಗಡಿಗಳ ಹೆಸರಿನ ಜೊತೆ ಅಂಕೆ ಸೇರಿಸುವ ರೂಢಿಯೂ ಇದೆ. ಎಷ್ಟೋ ಕಡೆ ಅದು ಮಾಲೀಕನ ಬಾಳಿನಲ್ಲಿ ಮರೆಯಲಾಗದ ಒಂದು ಇಸವಿ.

ಮೊದಲು ಹೊಕ್ಕ ಅಂಗಡಿಯ ಪಟ್ಟಿಯಲ್ಲಿ 'ತರಕಾರಿ ಫಾ' ಎಂದಿತ್ತು. ಗೆದ್ದೆವು ಎಂದುಕೊಂಡೆ. ಆದರೂ ಅಭ್ಯಾಸಬಲದಿಂದ, "ರಸ ಯಾವುದರದು?" ಎಂದು ಮಗನಿಂದ ಕೇಳಿಸಿದೆ. ಬಡಿಸುವ ಹುಡುಗಿ ಸಂಕೋಚವಿಲ್ಲದೆ, "ದನದ ಎಲುಬಿನದು. ಮೇಲೆ ಹಾಕುವುದು ಮಾತ್ರ ತರಕಾರಿ" ಎಂದಳು. ವಂದಿಸಿ ಎದ್ದು ಬಂದೆವು. ಎರಡನೆಯ ಕಡೆ ಅಕ್ಕಿ ಹಾಳೆಯಲ್ಲಿ ಸೊಪ್ಪು, ಶಾವಿಗೆ, ತೋಫು ಸುತ್ತಿದ ಸುರುಳಿ ಸಿಕ್ಕಿತು. ಅಕ್ಕಿಹಪ್ಪಳ ಒಣಗುವ ಮುಂಚೆ ಹೇಗಿರುತ್ತದೋ ಹಾಗಿರುವ ತೆಳುವಾದ ಹಾಳೆ ಅದು. ಆದರೆ ಪಕ್ಕದ ಬಟ್ಟಲಿನಲ್ಲಿದ್ದ ಕೆಂಪು ದ್ರವ ಮೀನಿನ ಸಾಸು! ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ಈ ರಸವಿಲ್ಲದೆ ಅವರ ಅಡಿಗೆಯೇ ಇಲ್ಲ. ಸುರುಳಿಯನ್ನು ಬರಿದೇ ತಿಂದೆವು.

ಆ ಅಂಗಡಿಯ ಅಜ್ಜಿಯೊಬ್ಬರು ನಮ್ಮ ಫಜೀತಿ ನೋಡಿ ಒಂದು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಒಂದು ಪದ ಬರೆದುಕೊಟ್ಟರು. ನಾನದನ್ನು 'ಚಾಯ್' ಎಂದು ಓದಿಕೊಂಡು, "ಪಾಪ, ಟೀ ಕುಡಿಯಿರಿ ಅಂತಿದ್ದಾರೆ" ಎಂದೆ. ಮಗ ನಕ್ಕ. ವಾರದಲ್ಲಿ ಅವನು ನಕ್ಕಿದ್ದು ಅದೇ ಮೊದಲು. ವಿಯೆಟ್ನಾಂ ಭಾಷೆಯಲ್ಲಿ ಆ ಪದಕ್ಕೆ ಸಸ್ಯಾಹಾರ ಎಂದರ್ಥ. 17ನೆಯ ಶತಮಾನದಲ್ಲಿ ಯೂರೋಪಿನ ಪಾದ್ರಿಗಳು ರೂಪಿಸಿದ ಲಿಪಿಯನ್ನೇ ಅವರು ಬಳಸುವುದರಿಂದ ನಮಗೆ ಓದಿದಂತೆ ಅನ್ನಿಸುತ್ತದೆ, ಅರ್ಥ ಮಾತ್ರ ಆಗುವುದಿಲ್ಲ.

ಮಾರನೆಯ ವಾರ ಆ ಪದವಿರುವ ಬೋರ್ಡು ಹುಡುಕುತ್ತ ಹೋದೆವು. ಬಾಗಿಲಲ್ಲೇ ಜನವೋ ಜನ. ಒಳಗೆ ಗೋಡೆಯ ಮೇಲೆ ದಪ್ಪ ಕ್ಯಾಲೆಂಡರು, ತಾರೀಖಿನ ಕೆಳಗೆ ಚಾಂದ್ರಮಾನದ ತಿಥಿ. ಥೇಟ್ ನಮ್ಮ ಪಂಚಾಂಗದ ಹಾಗೆ! ವಿಚಾರಿಸಿದರೆ ಅಂದು ಹುಣ್ಣಿಮೆ. ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ ಅವರಲ್ಲಿ ಎಷ್ಟೋ ಬೌದ್ಧರು ಮಾಂಸ ಮುಟ್ಟುವುದಿಲ್ಲ. ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಇದನ್ನು ಕೇಳಿ ಇವಳ ಮುಖ ಅರಳಿತು.

ಬಟ್ಟಲು ಬಂತು. ಅಣಬೆ, ಮೂಲಂಗಿ, ಎಲೆಕೋಸು ಕುದಿಸಿದ ರಸ. ಅಣಬೆಯ ಗ್ಲುಟಮೇಟು ಎಲುಬಿನ ರಸದಂಥದೇ ರುಚಿ ಕೊಡುತ್ತದೆ. ಈ ರುಚಿಯನ್ನು 1908ರಲ್ಲಿ ಗುರುತಿಸಿದವರು ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ. ಜೊತೆಗೆ ಚಕ್ಕೆ, ಲವಂಗ ಮತ್ತು ಚಕ್ರಮೊಗ್ಗಿನ ಘಮ. ನಮ್ಮ ಪಲಾವಿಗೆ ಹಾಕುವ ಚಕ್ರಮೊಗ್ಗಿನ ತವರೇ ಉತ್ತರ ವಿಯೆಟ್ನಾಂ ಮತ್ತು ದಕ್ಷಿಣ ಚೀನಾ. ಪಕ್ಕದ ತಟ್ಟೆಯಲ್ಲಿ ಹೆಸರುಕಾಳಿನ ಉದ್ದ ಮೊಳಕೆ, ನಿಂಬೆ ಹೋಳು, ನಮ್ಮ ಕಾಮಕಸ್ತೂರಿಯ ಜಾತಿಯದೇ ಒಂದು ಸೊಪ್ಪು. ಬೇಕಾದಷ್ಟು ನಾವೇ ಹಾಕಿಕೊಳ್ಳಬೇಕು. ಆಮೇಲೆ ಅಕ್ಕಿಹಿಟ್ಟು, ಅರಿಸಿನ, ತೆಂಗಿನಹಾಲಿನ ದೋಸೆ ಬಂತು. ಅದರ ಹೆಸರು 'ಬಾನ್ ಸೆಯೊ'. ಹಿಟ್ಟು ಕಾವಲಿಗೆ ಬಿದ್ದಾಗ ಬರುವ ಸದ್ದೇ ಆ 'ಸೆಯೊ'. ನಮ್ಮ ದೋಸೆ 'ಚೊಂಯ್' ಎನ್ನುತ್ತದೆ, ಅವರದು 'ಸೆಯೊ' ಎನ್ನುತ್ತದೆ, ಅಷ್ಟೇ ವ್ಯತ್ಯಾಸ. "ಇವರು ನಮ್ಮೋರೇ ಕಣ್ರೀ" ಎಂದು ಇವಳು ತೀರ್ಪು ಕೊಟ್ಟಳು.

ಅಲ್ಲಿಗೆ ಹೋಗುವ ವಿದ್ಯಾರ್ಥಿಗಳಿಗೆ, ಅವರ ತಂದೆತಾಯಿಗಳಿಗೆ ನನ್ನ ಅನುಭವದ ಎರಡು ಮಾತು. ಮೇಲೆ ಏನು ತೇಲುತ್ತಿದೆ ಎಂದು ನೋಡಬೇಡಿ, ರಸ ಯಾವುದರದು ಎಂದು ಕೇಳಿ. ಅದ್ದಿಕೊಳ್ಳುವ ಸಾಸಿನ ಬಗ್ಗೆ ಪ್ರತ್ಯೇಕವಾಗಿ ಕೇಳಿ. ಇನ್ನು ಅಂಗಡಿಯ ಅಲಂಕಾರಕ್ಕೆ ಮರುಳಾಗದೆ, ಅವರ ಅಜ್ಜ ಅಜ್ಜಿಯರು ಮೊಮ್ಮಕ್ಕಳೊಡನೆ ಎಲ್ಲಿ ಕುಳಿತಿದ್ದಾರೋ ಅಲ್ಲಿ ಕುಳಿತುಕೊಳ್ಳಿ.

ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದು ಉಳಿದಿತ್ತು. ಮನೆಗೆ ಬರುವಾಗ ಕಾರಿನಲ್ಲಿ ಅದನ್ನು ಕೇಳಿದೆ. "ನಮಗೆ ಯಾಕೆ ಹೇಳಲಿಲ್ಲ?" ಅವನು ರಸ್ತೆಯಿಂದ ಕಣ್ಣು ತೆಗೆಯದೆ, "ಹೇಳಿದ್ರೆ ಅಮ್ಮ ಊಟ ಬಿಡ್ತಿದ್ಲು, ನೀವು ಮಾತು ಬಿಡ್ತಿದ್ರಿ" ಎಂದ. ತರಗತಿಯಲ್ಲಿ ಇಪ್ಪತ್ತೆಂಟು ವರ್ಷದಿಂದ, "ಹೆದರದೆ ಪ್ರಶ್ನೆ ಕೇಳಿ" ಎನ್ನುತ್ತ ಬಂದವನು ನಾನು. ಹೆದರದೆ ಉತ್ತರ ಹೇಳುವ ಜಾಗವನ್ನು ನನ್ನ ಮನೆಯಲ್ಲೇ ಇಟ್ಟಿರಲಿಲ್ಲ. ಮಗ ಮಾಂಸ ತಿಂದದ್ದಕ್ಕಿಂತ ಹೆಚ್ಚಾಗಿ ಈ ಮಾತು ನನ್ನನ್ನು ಚುಚ್ಚಿತು.

ಹೊರಡುವ ಹಿಂದಿನ ದಿನ ನಾನೇ, "ಆ ಕಾರ್ಡಿನ ಹತ್ತನೆಯ ಬಟ್ಟಲು ಬಾಕಿ ಇದೆಯಲ್ಲ, ನಡಿ, ಮುಗಿಸಿಬಿಡು" ಎಂದೆ. ಅವನ ಹೋಟೆಲಿಗೇ ಹೋದೆವು. ನಾವಿಬ್ಬರೂ ಕಾಫಿ ತೆಗೆದುಕೊಂಡೆವು. ಕಾಫಿ ಬೆಳೆಯುವುದರಲ್ಲಿ ವಿಯೆಟ್ನಾಂ ಜಗತ್ತಿಗೇ ಎರಡನೆಯದು. ಪುಟ್ಟ ಫಿಲ್ಟರಿನಿಂದ ಮಂದಗೊಳಿಸಿದ ಹಾಲಿನ ಮೇಲೆ ತೊಟ್ಟು ತೊಟ್ಟಾಗಿ ಇಳಿಯುವ ಡಿಕಾಕ್ಷನ್ ನಮ್ಮೂರನ್ನೇ ನೆನಪಿಸಿತು. ಮಗನ ಬಟ್ಟಲು ಬಂದಾಗ ಇವಳು ಒಂದು ಕ್ಷಣ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಮೇಲೆ ನಿಂಬೆಹೋಳಿನ ತಟ್ಟೆಯನ್ನು ಅವನ ಕಡೆ ಸರಿಸಿ, "ಹಿಂಡ್ಕೋ, ಆರಿ ಹೋಗುತ್ತೆ" ಎಂದಳು.

ನಮ್ಮ ಊಟ ನಮಗೆ, ಅವನ ಊಟ ಅವನಿಗೆ. ಅಂದು ಮೂವರೂ ಒಂದೇ ಮೇಜಿನಲ್ಲಿ, ಏನನ್ನೂ ಮುಚ್ಚಿಡದೆ ಕುಳಿತಿದ್ದೆವು. ಸ್ಯಾನ್ ಹೊಸೆಯಲ್ಲಿ ನಾನು ಉಂಡ ಒಳ್ಳೆಯ ಊಟ ಯಾವುದೆಂದು ಯಾರಾದರೂ ಕೇಳಿದರೆ ಆ ಬರಿಯ ಕಾಫಿಯನ್ನೇ ಹೇಳುತ್ತೇನೆ.