ಕಡಲಿನ ಬಣ್ಣ ಮತ್ತು ಚಿಕ್ಕಮ್ಮನ ಫೋನು

ಕಡಲು ಯಾಕೆ ನೀಲಿ? ಯಾರನ್ನ ಕೇಳಿದರೂ ಥಟ್ಟನೆ ಬರೋ ಉತ್ತರ, "ಆಕಾಶದ ಪ್ರತಿಬಿಂಬ ಕಣ್ರೀ". ಲಾರ್ಡ್ ರೇಲೀ ಅಂಥ ಘಟಾನುಘಟಿಯೂ ಹಾಗೇ ಅಂದುಕೊಂಡಿದ್ದರು. ಆಕಾಶ ಯಾಕೆ ನೀಲಿ ಅಂತ ಲೆಕ್ಕ ಹಾಕಿ ತೋರಿಸಿದ್ದೇ ಅವರು. ಗಾಳಿಯ ಅಣುಗಳು ಕಡಿಮೆ ತರಂಗಾಂತರದ ಬೆಳಕನ್ನ ಹೆಚ್ಚು ಚದುರಿಸುತ್ತವೆ. 450 ನ್ಯಾನೋಮೀಟರಿನ ನೀಲಿ, 650ರ ಕೆಂಪಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಚದುರುತ್ತದೆ. ಅಂಥವರು ಹೇಳಿದ ಮೇಲೆ ಮತ್ತೆ ಯಾರು ಪ್ರಶ್ನೆ ಮಾಡ್ತಾರೆ ಹೇಳಿ?

ಒಬ್ಬರು ಮಾಡಿದರು. 1921ರಲ್ಲಿ ಆಕ್ಸ್‌ಫರ್ಡಿನಿಂದ ನರ್ಕುಂಡ ಎಂಬ ಹಡಗಿನಲ್ಲಿ ವಾಪಸಾಗುತ್ತಿದ್ದ ಸಿ.ವಿ. ರಾಮನ್. ಆಗ ಅವರಿಗೆ 32 ವರ್ಷ. ಹತ್ತು ವರ್ಷ ಹಣಕಾಸು ಇಲಾಖೆಯಲ್ಲಿ ನೌಕರಿ ಮಾಡುತ್ತಾ, ಆಫೀಸಿನ ಆಚೆಯ ಹೊತ್ತಿನಲ್ಲಿ ಪ್ರಯೋಗ ನಡೆಸಿ, 1917ರಲ್ಲಿ ಆ ನೌಕರಿ ಬಿಟ್ಟು ಕಡಿಮೆ ಸಂಬಳದ ಪ್ರೊಫೆಸರ್ ಹುದ್ದೆಗೆ ಬಂದವರು. ಹಡಗಿನಲ್ಲಿ ಅವರ ಹತ್ತಿರ ಒಂದು ಪುಟ್ಟ ನಿಕಾಲ್ ಪ್ರಿಸಂ ಇತ್ತು.

ಇಂಜಿನಿಯರಿಂಗ್ ಮಾಡಿದವರಿಗೆ 'ಫಿಸಿಕ್ಸ್ ಸೈಕಲ್' ನೆನಪಿರುತ್ತೆ. ಲೇಸರ್, ಆಪ್ಟಿಕಲ್ ಫೈಬರ್, ಡಿ ಬ್ರಾಯ್... ಎಲ್ಲಾ ಒಂದೇ ಸೆಮಿಸ್ಟರಿನಲ್ಲಿ ಗಂಟಲಿಗಿಳಿಸಿ, ಪರೀಕ್ಷೆ ಮುಗಿದ ಸಂಜೆಯೇ ಕೈ ತೊಳೆದುಕೊಳ್ಳೋ ವಿಷಯ. ಅದಕ್ಕೂ ಮೊದಲು ಪಿಯುಸಿಯಲ್ಲಿ ಬ್ರೂಸ್ಟರ್ ಕೋನ ಅಂತ ಒಂದು ಬರುತ್ತಿತ್ತು. ನೀರಿನ ಮೇಲೆ ಲಂಬದಿಂದ ಸುಮಾರು 53 ಡಿಗ್ರಿಯಲ್ಲಿ ಬಿದ್ದು ಪ್ರತಿಫಲಿಸುವ ಬೆಳಕಿನ ಕಂಪನ ಪೂರ್ತಿ ಒಂದೇ ದಿಕ್ಕಿನಲ್ಲಿರುತ್ತದೆ. ಸರಿಯಾದ ಕಡೆಗೆ ತಿರುಗಿಸಿದ ಪ್ರಿಸಂ ಆ ಬೆಳಕನ್ನ ತಡೆದುಬಿಡುತ್ತದೆ. ಅಂದರೆ, ಆಕಾಶದ ಪ್ರತಿಬಿಂಬವನ್ನೇ ಅಳಿಸಿ ಕಡಲನ್ನ ನೋಡಬಹುದು! ರಾಮನ್ ನೋಡಿದರು. ಕಡಲು ಇನ್ನೂ ಗಾಢ ನೀಲಿಯಾಗಿ ಕಂಡಿತು.

ಇದೆಲ್ಲ ಈಗ ಯಾಕೆ ಅಂದರೆ, ಕಳೆದ ತಿಂಗಳು ಸಾಗರದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. "ಇವಳು ಇಂಜಿನಿಯರಿಂಗ್ ಬೇಡ, ಫಿಸಿಕ್ಸ್ ಓದ್ತೀನಿ ಅಂತ ಹಟ ಹಿಡಿದಿದಾಳೆ ಕಣೋ. ನೀನು ಹೇಳಿದ್ರೆ ಕೇಳ್ತಾಳೆ, ಸ್ವಲ್ಪ ಬುದ್ಧಿ ಹೇಳು." ಆಮೇಲೆ ಎಲ್ಲರೂ ಕೊಲ್ಲೂರಿಗೆ ಹೋದವರು ಮರವಂತೆಯಲ್ಲಿ ಇಳಿದೆವು. ಬುದ್ಧಿ ಹೇಳೋ ಬದಲು ನನ್ನ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ತೆಗೆದು ತಂಗಿಗೆ ಕೊಟ್ಟೆ. ತಲೆ ವಾಲಿಸಿ ವಾಲಿಸಿ ನೋಡಿದಳು. ನೀರಿನ ಮೇಲಿನ ಹೊಳಪು ಹೋಗೋದು, ಬರೋದು. ರಾಮನ್ ಕಥೆ ಹೇಳಿದೆ.

ಸುಮ್ಮನೆ ಕೇಳಿಸಿಕೊಂಡು, "ಆದ್ರೆ ಇಲ್ಲಿ ನೀಲಿ ಇಲ್ವಲ್ಲ ಅಣ್ಣ, ದಡದ ಹತ್ರ ಹಸಿರು. ಅಣುಗಳು ಚದುರಿಸೋದೊಂದೇ ಕಾರಣ ಆಗಿದ್ರೆ ಎಲ್ಲಾ ಕಡೆ ಒಂದೇ ಬಣ್ಣ ಇರಬೇಕಿತ್ತು, ಅಲ್ವಾ?" ಅಂದಳು!

ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಳು. ನೀರು ಕೆಂಪು ಬೆಳಕನ್ನ ಹೀರಿಕೊಳ್ಳುತ್ತದೆ, ಕಡಲಿನ ನೀಲಿಗೆ ದೊಡ್ಡ ಕಾರಣ ಅದೇ ಅಂತ ಈಗ ಗೊತ್ತಿದೆ. ಉಳಿದ ನೀಲಿಯನ್ನ ನಮ್ಮ ಕಣ್ಣಿಗೆ ವಾಪಸ್ ಕಳಿಸೋದು ಚದುರುವಿಕೆ. ದಡದ ಹತ್ತಿರ ಮಣ್ಣು, ಪಾಚಿ ಸೇರಿ ಬಣ್ಣ ಬದಲಾಗುತ್ತೆ. ರಾಮನ್ ಉತ್ತರವೂ ಅರ್ಧ ದಾರಿಯದ್ದೇ. ಆದರೆ ಅದೇ ದಾರಿ ಹಿಡಿದು ಹೋಗಿ, ಚದುರಿದ ಬೆಳಕಿನಲ್ಲಿ ಒಂದು ಸಣ್ಣ ಪಾಲು ಬಣ್ಣವನ್ನೇ ಬದಲಿಸಿಕೊಂಡು ಬರುತ್ತೆ ಅಂತ 1928ರ ಫೆಬ್ರವರಿ 28ರಂದು ಕಂಡರು. 1930ರಲ್ಲಿ ನೊಬೆಲ್ ಬಂತು. ಮುಂದೆ ನಮ್ಮ ಬೆಂಗಳೂರಿಗೇ ಬಂದು ನೆಲೆಸಿದರು.

ರಾತ್ರಿ ಚಿಕ್ಕಮ್ಮನಿಗೆ ಹೇಳಿದೆ, "ಬಿಎಸ್ಸಿ, ಎಂಎಸ್ಸಿ, ಪಿಎಚ್‌ಡಿ ಅಂತ ಹತ್ತು ವರ್ಷ ಹಿಡಿಯಬಹುದು. ನನ್ನ ಥರ ಇಪ್ಪತ್ತೆರಡಕ್ಕೆ ಸಂಬಳ ಬರಲ್ಲ. ಅದನ್ನ ಅವಳಿಗೂ ಹೇಳಿದೀನಿ. ಆದ್ರೆ ಬೇಡ ಅಂತ ಮಾತ್ರ ನನ್ನ ಕೈಲಿ ಹೇಳಿಸಬೇಡಿ." ಚಿಕ್ಕಮ್ಮ ಆವತ್ತಿಂದ ನನ್ನ ಹತ್ತಿರ ಸರಿಯಾಗಿ ಮಾತಾಡ್ತಿಲ್ಲ. ಚಿಕ್ಕಪ್ಪ ಮಾತ್ರ, "ಕಾಲೇಜು ಯಾವ್ದು ಚೆನ್ನಾಗಿದೆ ನೋಡು" ಅಂತ ಮೆಲ್ಲಗೆ ಮೆಸೇಜ್ ಹಾಕಿದಾರೆ.

ನಿಮ್ಮಲ್ಲಿ ಫಿಸಿಕ್ಸ್ ಓದಿದವರಿದ್ದರೆ, ಸಿಹಿ-ಕಹಿ ಎರಡನ್ನೂ ಮುಚ್ಚಿಡದೆ ಬರೆಯಿರಿ. ಅವಳಿಗೆ ತೋರಿಸ್ತೀನಿ. ಸೀಟು ತಗೊಳ್ಳೋಕೆ ಇನ್ನು ಹದಿನೈದೇ ದಿನ ಇದೆ.