ಜೇಡಕ್ಕೆ ಬಂದ ಜ್ವರ

ಉಣ್ಣಲೊಲ್ಲೆನೆಂದವನಿಂದ ಕುಂದಾಪುರದ ಸೀಮೆ ಮೂರೇ ಕಾರಣಗಳನ್ನು ಒಪ್ಪಿಕೊಳ್ಳುತ್ತದೆ: ಏಕಾದಶಿ, ಕಾಯಿಲೆ, ಮುನಿಸು. ಈ ಮೂರರಲ್ಲಿ ಯಾವುದೊಂದೂ ಅಲ್ಲವಾದರೆ ಎಲೆಗೆ ಇನ್ನೊಂದು ಸೌಟು ಅನ್ನ ಬಿದ್ದೇ ಬೀಳುತ್ತದೆ. ‘ಬೇಡ’ ಎಂಬ ಪದಕ್ಕೆ ‘ಇನ್ನೂ ಸ್ವಲ್ಪ’ ಎಂದು ಅರ್ಥ ಹಚ್ಚುವುದರಲ್ಲಿ ಅಲ್ಲಿಯ ಗೃಹಿಣಿಯರಿಗಿರುವ ಪಾಂಡಿತ್ಯ ಯಾವ ನಿಘಂಟುಕಾರನಿಗೂ ಇರಲಾರದು. ಆದರೆ ಈ ಮೂರಕ್ಕೂ ಹೊರತಾದ ನಾಲ್ಕನೆಯ ಕಾರಣವೊಂದಿದೆ. ಬೈಂದೂರಿನ ಕಡೆಯ ಒಂದು ಮನೆಗೆ ಅದನ್ನು ಕಲಿಸಿಕೊಟ್ಟದ್ದು ಎಂಟು ಕಾಲಿನ ಒಬ್ಬ ಅತಿಥಿ.

ಆ ಮನೆಯ ಹುಡುಗ ಆ ವರ್ಷ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿದ್ದ. ಮಾತು ಕಡಿಮೆಯಾಗಿತ್ತು, ಊಟ ಮಾತಿಗಿಂತಲೂ ಕಡಿಮೆಯಾಗಿತ್ತು. ತಾಯಿ ದಿನಕ್ಕೆ ನಾಲ್ಕು ಸಲ ತಟ್ಟೆ ಹಿಡಿದು ಕೋಣೆಯ ಬಾಗಿಲಿಗೆ ಬರುವುದು, ಮಗ ಗೋಡೆಯ ಕಡೆಗೆ ಹೊರಳುವುದು, ಇದೇ ನಿತ್ಯದ ಕ್ರಮವಾಯಿತು. ಆಷಾಢದ ಮಳೆಗೆ ಹಿತ್ತಿಲ ಮುರಕಲ್ಲಿನ ದರೆ ಕುಸಿದಾಗ ಮಣ್ಣು ಸರಿಸಲು ಹೋದವನಿಗೆ ನೆಲೆ ತಪ್ಪಿದ ಒಂದು ದೊಡ್ಡ ಜೇಡ ಸಿಕ್ಕಿತು. ಮೈಯೆಲ್ಲ ರೋಮ, ಕಂದು ಬಣ್ಣ, ಅಂಗೈಯಗಲದ ಕಾಲುಗಳು. ಹೊರದೇಶಗಳಲ್ಲಿ ಟರಾಂಟುಲಾ ಎಂದು ಕರೆದು ಗಾಜಿನ ಪೆಟ್ಟಿಗೆಯಲ್ಲಿ ಸಾಕುವರಲ್ಲ, ಆ ಕುಲದ್ದೇ ಇದು. ಪಶ್ಚಿಮ ಘಟ್ಟದ ದರೆಗಳಲ್ಲಿ ಬಿಲ ತೋಡಿ, ರೇಷ್ಮೆಯ ಅಸ್ತರಿ ಹಾಸಿ, ಇರುಳಿಡೀ ಹೊಸ್ತಿಲಲ್ಲಿ ಹೊಂಚುವ ಈ ಕುಲದ ಎರಡು ಜಾತಿಗಳನ್ನು ಪೋಕಾಕ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞ 1899ರಲ್ಲಿಯೇ ಉತ್ತರ ಕನ್ನಡದ ಮಾದರಿಗಳಿಂದ ವರ್ಣಿಸಿದ್ದ.

ಮಳೆ ನಿಲ್ಲುವವರೆಗೆ ಇರಲೆಂದು ಹುಡುಗ ಅದನ್ನು ಮಣ್ಣು ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಇಳಿಸಿದ. ಒಂದು ಪುಟ್ಟ ಬಟ್ಟಲಲ್ಲಿ ನೀರಿಟ್ಟ. ಇರುಳು ದೀಪ ಹಿಡಿದು ಚಿಮ್ಮಂಡೆಗಳನ್ನು ಹುಡುಕಿ ತಂದ. ಜೇಡ ಉಂಡಿತು. ಅದು ಉಂಡ ದಿನ ಮಗನೂ ಎರಡು ತುತ್ತು ಹೆಚ್ಚು ಉಣ್ಣುವನೆಂಬುದನ್ನು ತಾಯಿ ಗಮನಿಸಿದಳು. ಆ ಭೀಕರಾಕಾರದ ಪ್ರಾಣಿಯ ಮೇಲೆ ಆಕೆಗೆ ಸ್ವಲ್ಪ ವಿಶ್ವಾಸವೂ ಹುಟ್ಟಿತು.

ಒಂದೂವರೆ ತಿಂಗಳಾದ ಮೇಲೆ ಜೇಡ ಊಟ ಬಿಟ್ಟಿತು. ಒಂದು ವಾರವಾಯಿತು, ಎರಡಾಯಿತು, ಮೂರಾಯಿತು. ಮೈಬಣ್ಣ ಮಾಸಿತು. ಒಂದರ ಬದಲು ಎರಡು ಚಿಮ್ಮಂಡೆ ಬಿಟ್ಟರೂ ಅವು ಅದರ ಬೆನ್ನ ಮೇಲೆಯೇ ನಿರ್ಭಯವಾಗಿ ಸುಳಿದಾಡಿದವು. ಉಣ್ಣದ ಮಗ ಉಣ್ಣದ ಜೇಡದ ಮುಂದೆ ತುತ್ತು ಹಿಡಿದು ಕುಳಿತಿರುವುದನ್ನು ತಾಯಿ ಬಾಗಿಲಲ್ಲಿ ನಿಂತು ನೋಡಿದಳು. ಅದು ಸತ್ತರೆ ಇವನ ಗತಿಯೇನೆಂಬ ಭಯ ಆಕೆಯನ್ನು ಹಿಡಿಯಿತು.

ಅಷ್ಟರಲ್ಲಿ ಬ್ರಹ್ಮಾವರದಿಂದ ಹುಡುಗನ ಸೋದರಮಾವ ಬಂದ. ರಾಮನಗರದ ಕಡೆ ರೇಷ್ಮೆಯ ಕೆಲಸದಲ್ಲಿ ಬಹುಕಾಲ ಕಳೆದು ನಿವೃತ್ತನಾದವನು.

“ಎಂತ ಆಯ್ತ್ ಅದಕ್ಕೆ?” ಎಂದಳು ತಂಗಿ.

“ಜ್ವರಕ್ಕೆ ಕೂತಿದೆ,” ಎಂದ ಅಣ್ಣ, ನಗುತ್ತಾ.

ರೇಷ್ಮೆ ಸಾಕುವವರ ಬಾಯಲ್ಲಿ ಈ ಜ್ವರ ರೋಗದ ಹೆಸರಲ್ಲ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿಸಲವೂ ಸುಮಾರು ಒಂದು ದಿನ ತಲೆಯೆತ್ತಿ ನಿಶ್ಚಲವಾಗಿ ಕೂರುತ್ತದೆ. ಆಗ ಸೊಪ್ಪು ಹಾಕುವುದನ್ನು ನಿಲ್ಲಿಸಿ, ಹಾಸಿಗೆಗೆ ಸುಣ್ಣದ ಪುಡಿ ಎರಚಿ ಒಣಗಿಸಿ, ಹೆಚ್ಚುಕಡಿಮೆ ಎಲ್ಲವೂ ಜ್ವರದಿಂದ ಎದ್ದ ಮೇಲೆಯೇ ಮತ್ತೆ ಸೊಪ್ಪು ಕೊಡುತ್ತಾರೆ. ಕುಂದಾಪುರದ ಹಿನ್ನೀರಿನ ಸಿಗಡಿ ಕೆರೆಗಳಲ್ಲಿಯೂ ಇದೇ ನ್ಯಾಯ; ಸಿಗಡಿ ಚಿಪ್ಪು ಬಿಡುವ ದಿನಗಳಲ್ಲಿ ಎರಚಿದ ಆಹಾರ ತಳದಲ್ಲಿ ಕೊಳೆತು ನೀರನ್ನೇ ಕೆಡಿಸುತ್ತದೆ.

ಜೇಡದ ಉಪವಾಸ ಇನ್ನೂ ದೀರ್ಘ. ಅದರ ಮೈಗವಚ ಬೆಳೆಯುವುದಿಲ್ಲ; ಆದುದರಿಂದ ಒಳಗೆ ಹೊಸದೊಂದನ್ನು ಹೊಲಿದುಕೊಂಡು ಹಳೆಯದನ್ನು ಕಳಚಬೇಕು. ಹೊರಚರ್ಮವಷ್ಟೇ ಅಲ್ಲ, ವಿಷದಂತಗಳ ಕವಚವನ್ನೂ ಹೀರುವ ಜಠರದ ಒಳಪೊರೆಯನ್ನೂ ಬಿಡಬೇಕು. ಅಂಥ ಹೊತ್ತಿನಲ್ಲಿ ಉಣ್ಣುವುದೆಂತು? ದೊಡ್ಡ ಜೇಡಗಳು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಹೀಗೆ ನಿರಾಹಾರವಾಗಿರುತ್ತವೆ.

“ನೀರು ಇರಲಿ, ಚಿಮ್ಮಂಡೆಯನ್ನು ಈಗಲೇ ತೆಗೆ,” ಎಂದ ಮಾವ. “ಪೊರೆ ಬಿಟ್ಟ ಮೈ ಬೆಣ್ಣೆಯಂತಿರುತ್ತದೆ. ಊಟವೆಂದು ನೀನು ಬಿಟ್ಟದ್ದೇ ಅದನ್ನು ಕಡಿದು ಕೊಂದೀತು.”

“ರೋಗವಲ್ಲವೆಂದು ತಿಳಿಯುವುದು ಹೇಗೆ?” ತಾಯಿಯ ಪ್ರಶ್ನೆ.

“ಹೊಟ್ಟೆ ನೋಡು. ತುಂಬಿಕೊಂಡಿದೆ. ಸುಕ್ಕಿದ್ದರೆ ಹೆದರಬೇಕಿತ್ತು.”

ಐದನೆಯ ಇರುಳು ಜೇಡ ರೇಷ್ಮೆಯ ಚಾಪೆ ನೇಯ್ದು ಅಂಗಾತ ಮಲಗಿತು. ಮೊದಲೇ ಎಚ್ಚರಿಕೆಯಿಲ್ಲದಿದ್ದರೆ ಸತ್ತಿತೆಂದು ತಿಳಿದು ಹಿತ್ತಿಲಿಗೆ ಎಸೆಯುವ ಭಂಗಿ ಅದು. ತಾಯಿ ಮಗ ಇಬ್ಬರೂ ದೀಪವನ್ನು ಮಂದಮಾಡಿ ಕುಳಿತರು. ಎದೆಯ ಮೇಲ್ಚಿಪ್ಪು ಮುಚ್ಚಳದಂತೆ ತೆರೆಯಿತು. ಎಂಟು ಕಾಲುಗಳೂ ಒಂದೊಂದೇ ಎಳೆಯಷ್ಟು, ಬಿಗಿಯಾದ ಕೈಗವಸಿನಿಂದ ಬೆರಳು ಬಿಡಿಸಿಕೊಂಡಂತೆ, ಹೊರಬಂದವು. ಬೆಳಗಿನ ಜಾವಕ್ಕೆ ಪೆಟ್ಟಿಗೆಯಲ್ಲಿ ಎರಡು ಜೇಡಗಳಿದ್ದವು. ಒಂದು ಟೊಳ್ಳು, ಒಂದು ಮಸುಕು ಬಣ್ಣದ ಎಳೆಯ ಜೀವ. ಅದರ ವಿಷದಂತಗಳು ಹಾಲಿನಂತೆ ಬಿಳಿಯಾಗಿದ್ದವು. ಅವು ಕೆಂಪೇರಿ, ಕಪ್ಪಾಗಿ, ಗಟ್ಟಿಯಾಗುವವರೆಗೆ ಹುಡುಗ ಹತ್ತು ದಿನ ಏನನ್ನೂ ಕೊಡದೆ ಕಾದ. ಹನ್ನೊಂದನೆಯ ಇರುಳು ಅದು ಚಿಮ್ಮಂಡೆಯನ್ನು ಒಂದೇ ನೆಗೆತಕ್ಕೆ ಹಿಡಿಯಿತು.

ಆ ಹತ್ತು ದಿನಗಳಲ್ಲಿ ತಾಯಿಯೂ ಒಂದು ವ್ರತ ಹಿಡಿದಿದ್ದಳು. ತಟ್ಟೆಯನ್ನು ಮಗನ ಮೇಜಿನ ಮೇಲಿಟ್ಟು, ಇನ್ನೊಂದು ತಟ್ಟೆ ಮುಚ್ಚಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟು, ಮಾತಾಡದೆ ಹೋಗುವಳು. ಹೋಗುವಾಗ ಅವನ ಕೆನ್ನೆ ಸುಕ್ಕಿದೆಯೇ ಎಂದು ಒಮ್ಮೆ ನೋಡುವುದನ್ನು ಮಾತ್ರ ಬಿಡಲಿಲ್ಲ; ಮನುಷ್ಯನ ಮಗನನ್ನು ಜೇಡದಷ್ಟು ದಿನ ಕಾಯುವುದು ಸಲ್ಲದೆಂಬ ವಿವೇಕ ಆಕೆಗಿತ್ತು. ಮೊದಲ ಎರಡು ದಿನ ತಟ್ಟೆ ಹಾಗೆಯೇ ಹಿಂದಿರುಗಿತು. ಮೂರನೆಯ ದಿನ ಅರ್ಧ ಬರಿದಾಗಿತ್ತು. ಐದನೆಯ ದಿನ ಹುಡುಗ ತಾನೇ ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡ. ಆಕೆ ಬಡಿಸಿದಳು, ‘ಬೇಡ’ ಎಂದಾಗ ಸೌಟನ್ನು ಹಿಂದೆಗೆದಳು.

ಮಳೆ ಹಿಂದೆಗೆದ ಮೇಲೆ ಹುಡುಗ ಜೇಡವನ್ನು ಗಟ್ಟಿಯಾದ ಇನ್ನೊಂದು ದರೆಯ ಬುಡದಲ್ಲಿ ಬಿಟ್ಟುಬಂದ. ಕಳಚಿದ ಪೊರೆ ಅವನ ಮೇಜಿನ ಮೇಲೆ ಒಂದು ರಟ್ಟಿನ ಡಬ್ಬಿಯಲ್ಲಿದೆ. ಅದರ ಕೆಳಗೆ, ಗಾಳಿಗೆ ಹಾರದಂತೆ, ಮರುಪರೀಕ್ಷೆಯ ಅರ್ಜಿ.